ಭುಜದ ಮೇಲಿನ ಆ ಕೈ ಯಾರದು?

ಹಳೇಬೀಡು,
ಭಾನುವಾರ, ೧೪-೩-೧೯೯೯

ವಾರಪತ್ರಿಕೆಯ ಸಿನಿಮಾ ಪುಟದಲ್ಲಿ ‘ದುರ್ಬೀನು’ ಎಂಬ ಹೆಸರಿನಿಂದ ಬರೆಯುವ ಘನ ವಿಮರ್ಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಲೇಖನಿಗೂ, ತಾವು ನಕ್ಷತ್ರಗಳನ್ನು ತುಂಬಿಟ್ಟುಕೊಂಡಿರುವ ಆ ಡಬ್ಬಿಗೂ ಸಕಲ ಕ್ಷೇಮವನ್ನು ಕೋರುತ್ತೇನೆ. ಸಾಷ್ಟಾಂಗ ನಮಸ್ಕಾರ ಸಲ್ಲಿಸಬೇಕೆಂದಿದ್ದೆ. ಮಂಡಿನೋವಿನ ಕಾರಣ ಎಂಟು ಅಂಗಗಳಲ್ಲಿ ಐದನ್ನು ಮಾತ್ರ ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ, ಉಳಿದ ಮೂರನ್ನು ತಾವೇ ದೊಡ್ಡ ಮನಸ್ಸು ಮಾಡಿ ಅಡ್ಜಸ್ಟ್ ಮಾಡಿಕೊಳ್ಳಬೇಕು. ನಾನು ಹಾಸನದಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವನು. ಆದ್ದರಿಂದ ವಿಷಯವನ್ನು ವಿತ್ ಡ್ಯೂ ರೆಸ್ಪೆಕ್ಟ್ ನಿವೇದಿಸುತ್ತೇನೆ.

‘ಮಹಡಿ ಮಾದೇಶ’ ಎಂಬ ಚಲನಚಿತ್ರದ ಬಗ್ಗೆ ತಾವು ಬರೆದ ವಿಮರ್ಶೆಯನ್ನು ಹದಿನಾಲ್ಕು ಸಲ ಓದಿದ್ದೇನೆ. ಬಡತನದಿಂದ ಸಿರಿತನಕ್ಕೆ ಏರುವ ಚಿತ್ರಗಳು ಸಕ್ಕರೆ ಕಾಯಿಲೆಯಂತೆ ನಾಡಿಗೆ ಅಂಟಿಕೊಂಡಿವೆ ಎಂದಿದ್ದೀರಿ, ಬಹಳ ಸೊಗಸಾಗಿದೆ. ನಾಯಕನ ಕಣ್ಣೀರಿನಲ್ಲಿ ಉಪ್ಪು ಕಡಿಮೆ ಎಂದಿದ್ದೀರಿ. ಹತ್ತಿರ ಹೋಗಿ ನೆಕ್ಕಿ ನೋಡಿದ ಹಾಗೆ ಬರೆಯುವ ತಮ್ಮ ಶಕ್ತಿಗೆ ಯಾರಾದರೂ ತಲೆಬಾಗಲೇಬೇಕು. ಎರಡೂವರೆ ನಕ್ಷತ್ರ ಕೊಟ್ಟಿದ್ದೀರಿ. ಅದಕ್ಕೂ ನನ್ನ ತಕರಾರಿಲ್ಲ. ತಕರಾರಿರುವುದು ಕೊನೆಯ ಸಾಲಿನ ಬಗ್ಗೆ. “ಮಾದೇಶನ ಭುಜದ ಮೇಲೆ ಬೀಳುವ ಆ ಕೈ ಯಾರದು, ಮುಂದೇನಾಗುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವುದರಿಂದ ಹೇಳಿ ಶಾಯಿ ದಂಡ ಮಾಡುವುದಿಲ್ಲ” ಎಂದು ಬರೆದು ಮುಗಿಸಿಬಿಟ್ಟಿದ್ದೀರಲ್ಲ, ಸ್ವಾಮಿ, ನಮಗೆ ಗೊತ್ತಿಲ್ಲ. ಇಡೀ ಹಳೇಬೀಡಿಗೆ ಗೊತ್ತಿಲ್ಲ.

ಕಾರಣವನ್ನು ಅರಿಕೆ ಮಾಡುತ್ತೇನೆ. ಬೇಲೂರಿನ ಟಾಕೀಸಿಗೆ ಈ ಚಿತ್ರ ಬರಲಿಲ್ಲ, ಅಲ್ಲಿ ಹನ್ನೊಂದು ವಾರದಿಂದ ಒಂದು ಹಾವು ಪರದೆ ಬಿಟ್ಟು ಇಳಿಯುತ್ತಿಲ್ಲ. ಆದ್ದರಿಂದ ನಾವು ಅರಸೀಕೆರೆಗೇ ಹೋಗಬೇಕು. ಅಲ್ಲಿ ಮ್ಯಾಟಿನಿ ಎರಡೂವರೆಗೆ ಎಂದು ಬೋರ್ಡಿದೆ, ಆದರೆ ಮೂರು ಗಂಟೆಯವರೆಗೆ ಲೋಡ್ ಶೆಡ್ಡಿಂಗ್. ಕರೆಂಟು ಬಂದ ಮೇಲೆ ಹಲ್ಲುಪುಡಿಯ ಜಾಹೀರಾತು, ಬಟ್ಟೆಯಂಗಡಿಯ ಸ್ಲೈಡು, ಆಮೇಲೆ ಚಿತ್ರ. ಅದು ಮುಗಿಯುವುದು ಆರು ಗಂಟೆಗೆ. ಬಾಣಾವರ, ಜಾವಗಲ್ ಮೇಲೆ ನಮ್ಮೂರಿಗೆ ಬರುವ ಕೊನೆಯ ಬಸ್ಸು ಹೊರಡುವುದು ಐದೂಮುಕ್ಕಾಲಿಗೆ. ಅದರ ಡ್ರೈವರ್ ಜವರಪ್ಪ ಬೆಳಗಿನ ಟ್ರಿಪ್ಪಿನಲ್ಲಿ ದಾರಿಯಲ್ಲಿ ಕಂಡ ಎಮ್ಮೆಗಳ ಯೋಗಕ್ಷೇಮವನ್ನೂ ವಿಚಾರಿಸಿಕೊಂಡು ಬರುವ ಮನುಷ್ಯ, ಸಂಜೆಗೆ ಮಾತ್ರ ಗಡಿಯಾರಕ್ಕೇ ಬುದ್ಧಿ ಹೇಳುತ್ತಾನೆ. ಬಸ್ಸನ್ನು ಟಾಕೀಸಿನ ಮುಂದೆಯೇ ತಂದು ನಿಲ್ಲಿಸಿ ಮೂರು ಸಲ ಹಾರನ್ ಹೊಡೆಯುತ್ತಾನೆ. ಮೂರನೆಯದಕ್ಕೆ ಹಳೇಬೀಡಿನವರೆಲ್ಲ ಚಪ್ಪಲಿ ಹುಡುಕುತ್ತಾ ಏಳುತ್ತೇವೆ. ಹೀಗಾಗಿ ನಮ್ಮ ಊರಿನ ಮಟ್ಟಿಗೆ ಯಾವ ಚಿತ್ರದ ನಾಯಕನೂ ಇದುವರೆಗೆ ಮದುವೆಯಾಗಿಲ್ಲ, ಯಾವ ಖಳನಾಯಕನಿಗೂ ಬೇಡಿ ಬಿದ್ದಿಲ್ಲ.

ಅರ್ಧಕ್ಕೆ ನಿಂತದ್ದು ನಮಗೆ ಹೊಸದೇನಲ್ಲ. ನಮ್ಮೂರಿನ ದೇವಸ್ಥಾನವೇ ಶಿಖರವಿಲ್ಲದೆ ನಿಂತಿದೆ, ಅದನ್ನು ನೋಡಲು ಜನ ವಿಮಾನ ಹತ್ತಿ ಬರುತ್ತಾರೆ. ಆದರೆ ನನ್ನ ದಿವಂಗತ ಪತ್ನಿ ರಮಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸತ್ಯನಾರಾಯಣನ ಕಥೆಯಲ್ಲಿ ಪ್ರಸಾದಕ್ಕೆ ಮುಂಚೆ ಎದ್ದವರ ಹಡಗು ಏನಾಯಿತೆಂದು ಗೊತ್ತಲ್ಲ ಎಂದು ನನ್ನ ಪಂಚೆಯ ಚುಂಗು ಹಿಡಿದು ಕೂರಿಸುತ್ತಿದ್ದಳು. ಈಗ ಹಿಡಿಯುವವರಿಲ್ಲ. ನನಗೆ ಅಡುಗೆಯೂ ಬರುವುದಿಲ್ಲ. ನಾಲ್ಕು ವರ್ಷದಿಂದ ಬೆಳಗಿನ ತಿಂಡಿಗೆ ಬಸ್ ಸ್ಟ್ಯಾಂಡಿನ ಪಕ್ಕದ ಗಿಡ್ಡಮ್ಮನ ಇಡ್ಲಿಯೇ ಗತಿ. ಟು ಕಮ್ ಟು ದಿ ಪಾಯಿಂಟ್, ಈ ಪತ್ರ ಇಡ್ಲಿಯ ಬಗ್ಗೆ.

ಗಿಡ್ಡಮ್ಮ ಹನ್ನೆರಡು ವರ್ಷದಿಂದ ಮೂರು ಕಲ್ಲು, ಒಂದು ಟಾರ್ಪಾಲಿನ ಕೆಳಗೆ ಇಡ್ಲಿ ಬೇಯಿಸುತ್ತಿದ್ದಾಳೆ. ಗಾಳಿ ಬೀಸಿದರೆ ಟಾರ್ಪಾಲು ಗಿರಾಕಿಯ ತಲೆಗೆ ಮೊಟಕುತ್ತದೆ, ಮಳೆ ಬಂದರೆ ಸಾಂಬಾರು ತಟ್ಟೆಯಲ್ಲೇ ಹೆಚ್ಚಾಗುತ್ತದೆ. ಇಂಥವಳು ಈ ವರ್ಷ ರೇವಣಸಿದ್ದಪ್ಪನವರ ಖಾಲಿ ಮಳಿಗೆ ಹಿಡಿದು ಬೆಂಚು, ಗೋಡೆ, ಬಾಗಿಲುಗಳಿರುವ ಹೋಟೆಲು ಇಡುತ್ತೇನೆಂದು ಮನಸ್ಸು ಮಾಡಿದ್ದಳು. ಯುಗಾದಿಯೊಳಗೆ ಹೂಂ ಅನ್ನದಿದ್ದರೆ ಮಳಿಗೆಯನ್ನು ಸೈಕಲ್ ಶಾಪಿಗೆ ಕೊಡುವುದಾಗಿ ರೇವಣಸಿದ್ದಪ್ಪನವರು ಹೇಳಿದ್ದಾರೆ. ಅಷ್ಟರಲ್ಲಿ, ಹೋಟೆಲು ಇಟ್ಟು ಉದ್ಧಾರವಾದವನ ಚಿತ್ರ ಬಂದಿದೆ, ನೋಡಿದರೆ ಧೈರ್ಯ ಬರುತ್ತದೆ ಎಂದು ಅವಳನ್ನು ಅರಸೀಕೆರೆಗೆ ಕರೆದುಕೊಂಡು ಹೋದ ಮಹಾನುಭಾವ ನಾನೇ.

ಮಾದೇಶ ಲೋಟ ತೊಳೆಯುತ್ತಾನೆ. ತಾಯಿಯ ಓಲೆ ಮಾರಿ ಹೋಟೆಲು ಇಡುತ್ತಾನೆ. ಪೂಜೆಯ ದಿನವೇ ಅದಕ್ಕೆ ಬೆಂಕಿ ಬೀಳುತ್ತದೆ. ಬೂದಿಯಲ್ಲಿ ಕುಳಿತು ಅಳುತ್ತಿರುವಾಗ ಅವನ ಭುಜದ ಮೇಲೆ ಉಂಗುರ ತೊಟ್ಟ ಒಂದು ಕೈ ಬೀಳುತ್ತದೆ. ಮಾದೇಶ ತಿರುಗುತ್ತಾನೆ. ಜವರಪ್ಪನ ಮೂರನೆಯ ಹಾರನ್.

ಬಸ್ಸು ಜಾವಗಲ್ ದಾಟಿತು. ಗಿಡ್ಡಮ್ಮ ನನ್ನ ಕಡೆ ತಿರುಗಿ, “ಅಲ್ಲ ಕಣ್ ಹನುಮಂತಣ್ಣ, ಇದನ್ನ ತೋರ್ಸಕ್ಕೆ ಅಷ್ಟ್ ದೂರ ಕರ್ಕಂಡ್ ಬಂದ್ಯಾ? ನನ್ ಟಾರ್ಪಾಲೇ ಸಾಕು ಬುಡು. ಅದಕ್ಕೆ ಬೆಂಕಿ ಬಿದ್ರೂ ಹೋಗೋದು ಒಂದು ಟಾರ್ಪಾಲು” ಎಂದಳು. ಪೋಸ್ಟರಿನಲ್ಲಿ ಮಾದೇಶ ಕೋಟು ಹಾಕಿ ಕಾರಿಗೆ ಒರಗಿ ನಿಂತಿದ್ದಾನಲ್ಲ ಎಂದು ನಾನು ಎವಿಡೆನ್ಸ್ ಒದಗಿಸಿದೆ. ಹಿಂದಿನ ಸೀಟಿನಲ್ಲಿದ್ದ ತೆಂಗಿನಕಾಯಿ ವ್ಯಾಪಾರಿ ಹುಚ್ಚಣ್ಣ ಬಾಯಿ ಹಾಕಿದ: “ಕಾರು ಒರ್ಸಕ್ಕೆ ನಿಂತಿರ್ತಾನೆ ಕಣ್ರೀ. ಕೋಟು ಓನರ್ ಕೊಟ್ಟಿರ್ತಾನೆ.”

ಆ ಕೈ ಪೊಲೀಸಿನವರದು ಎಂದು ಹುಚ್ಚಣ್ಣನ ವಾದ. ಸತ್ತ ತಂದೆಯದು ಎಂದು ಗಿಡ್ಡಮ್ಮ. ನನ್ನ ಹಂಬಲ್ ಒಪೀನಿಯನ್ ಪ್ರಕಾರ ಅದು ಯಾರೋ ಸಾಹುಕಾರನದು, ಏಕೆಂದರೆ ಉಂಗುರ ದಪ್ಪವಾಗಿತ್ತು. ಮೂರು ಭಾನುವಾರ ಹೋಗಿ ಬಂದೆವು, ಮೂರು ಸಲವೂ ಮಾದೇಶ ತಿರುಗಿದ, ನಾವು ಎದ್ದೆವು. ಆಗ ತಮ್ಮ ವಿಮರ್ಶೆಯಿದ್ದ ಪತ್ರಿಕೆ ಕೈಗೆ ಸಿಕ್ಕಿತು. ಗಿಡ್ಡಮ್ಮನ ಒಲೆಯ ಮುಂದೆ ಗಟ್ಟಿಯಾಗಿ ಓದಿದೆ. ಕೊನೆಯ ಸಾಲು ಬರುವ ಹೊತ್ತಿಗೆ ಇಡೀ ಬಸ್ ಸ್ಟ್ಯಾಂಡು ಉಸಿರು ಬಿಗಿಹಿಡಿದಿತ್ತು. ಆಮೇಲೆ ಏನಾಯಿತೆಂದು ತಾವೇ ಬಲ್ಲಿರಿ. ತಮ್ಮ ಮಾತಿನ ಮೇಲೆ ಭಾರ ಹಾಕಿ ಹಾಲು ಕುಡಿಯುವ ಮಗುವನ್ನೂ ವಿಚಾರಿಸಿದೆ. ಹುಚ್ಚಣ್ಣನ ಮೊಮ್ಮಗಳಿಗೆ ಒಂಬತ್ತು ತಿಂಗಳು. ಕೈ ಯಾರದಮ್ಮ ಎಂದು ಎರಡು ಸಲ ಕೇಳಿದೆ. ನನ್ನ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಂಡಿತು. ಅದೇ ಉತ್ತರವಿದ್ದರೂ ಇರಬಹುದು, ನನಗೆ ಅರ್ಥವಾಗಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ಅತ್ಯಲ್ಪ. ತಾವು ಖುದ್ದಾಗಿ ಹಳೇಬೀಡಿಗೆ ದಯಮಾಡಿಸಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನಿಂತು, ಕೊನೆಯ ಹದಿನೈದು ನಿಮಿಷವನ್ನು ಅಭಿನಯಸಹಿತ ನಿರೂಪಿಸಬೇಕು, ಹಾಡಿದ್ದರೆ ಹಾಡಬೇಕು. ಅದಾಗದಿದ್ದರೆ ಇನ್ನು ಮುಂದೆ ಎಲ್ಲ ಚಿತ್ರಗಳ ಕೊನೆಯನ್ನು ಇಂಟರ್‌ವಲ್ಲಿಗೆ ಮುಂಚೆ ಇಡುವಂತೆ ನಿರ್ದೇಶಕರಿಗೆ ಒಂದು ಮಾತು ಹೇಳಬೇಕು. ಅದೂ ಆಗದಿದ್ದರೆ ತಾವು ಉಳಿಸಿಕೊಂಡ ಎರಡೂವರೆ ನಕ್ಷತ್ರಗಳಲ್ಲಿ ಒಂದನ್ನಾದರೂ ಗಿಡ್ಡಮ್ಮನ ಟಾರ್ಪಾಲಿಗೆ ಸಿಕ್ಕಿಸಿ ಕೊಡಬೇಕು. ಯುಗಾದಿಗೆ ನಾಲ್ಕೇ ದಿನವಿದೆ.

ಇಷ್ಟು ಬರೆದು, ಪತ್ರವನ್ನು ಟಪಾಲಿಗೆ ಹಾಕುವ ಮೊದಲು ಇಂದು ನಾಲ್ಕನೆಯ ಸಲ ಅರಸೀಕೆರೆಗೆ ಹೋದೆವು. ಮೂರನೆಯ ಹಾರನ್ನಿಗೆ ಎಲ್ಲರೂ ಎದ್ದೆವು, ಗಿಡ್ಡಮ್ಮ ಏಳಲಿಲ್ಲ. ಏಳು ಎಂದೆ. “ನೀವ್ ಹೋಗ್ರಪ್ಪ, ನಾನು ಇವತ್ತು ಆ ಕೈ ನೋಡ್ಕಂಡೇ ಬತ್ತೀನಿ. ಇಲ್ಲೇ ತಂಗಿ ಮನೆ ಐತೆ” ಎಂದು ಸೆರಗು ಬಿಗಿದು ಕುಳಿತಳು. ನನಗೆ ರಮಾ ನೆನಪಾದಳು. ಆದರೂ ಬಸ್ಸು ಹತ್ತಿದೆ. ಮನುಷ್ಯ ಅಭ್ಯಾಸಕ್ಕೆ ದಾಸ.

ಸೋಮವಾರ, ೧೫-೩-೧೯೯೯

ಬೆಳಗಿನ ಮೊದಲ ಬಸ್ಸಿಗೆ ಅರ್ಧ ಊರೇ ಕಾದು ನಿಂತಿತ್ತು. ಗಿಡ್ಡಮ್ಮ ಇಳಿದಳು. ಕೈ ಯಾರದು ಎಂದು ಹುಚ್ಚಣ್ಣನೇ ಮೊದಲು ಕೇಳಿದ. ಅವಳು ಚೀಲ ಕೆಳಗಿಟ್ಟು ಹೇಳಿದ್ದನ್ನು ಯಥಾವತ್ತಾಗಿ ತಮ್ಮ ಅವಗಾಹನೆಗೆ ತರುತ್ತೇನೆ: “ಕೈ ಬಿತ್ತು, ಅವನು ತಿರುಗ್ದ, ಕರೆಂಟ್ ಹೋಯ್ತು. ಒಂದು ಗಂಟೆ ಕತ್ಲಲ್ಲಿ ಕುಂತಿದ್ದೆ. ಬರ್ಲೇ ಇಲ್ಲ. ಆಮ್ಯಾಕೆ ಅನ್ನುಸ್ತು, ಈ ಮಾದೇಸ ನಾಕು ವಾರದಿಂದ ಬೂದೀಲಿ ಕುಂತ್ಕಂಡು ಯಾರ್ದೋ ಕೈಗೆ ಕಾಯ್ತಾವ್ನೆ, ನಾನೂ ಅವನ ಜೊತೆ ಕುಂತಿವ್ನಿ. ನನ್ ಭುಜದ ಮ್ಯಾಲೆ ಯಾವ್ ಕೈಯೂ ಬೀಳ್ಲಿಲ್ಲ, ನಾನೇ ಎದ್ದು ಬಂದೆ. ಸರ್ಕಳಿ ಅತ್ಲಾಗೆ, ಅಕ್ಕಿ ನೆನೆಹಾಕ್ಬೇಕು.”

ಹಾಗೆಂದವಳು ನೇರವಾಗಿ ರೇವಣಸಿದ್ದಪ್ಪನವರ ಮನೆಗೆ ಹೋಗಿ ಮಳಿಗೆಯ ಬೀಗದ ಕೈ ಇಸಿದುಕೊಂಡಳು. ಬೆಂಚುಗಳನ್ನು ಹೊತ್ತು ಒಳಗಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆದ್ದರಿಂದ ತಾವು ಇನ್ನು ನಮ್ಮೂರಿನ ಸಲುವಾಗಿ ಶಾಯಿ ಖರ್ಚು ಮಾಡುವ ಅಗತ್ಯವಿಲ್ಲ. ಒಂದೇ ಒಂದು ಸಂದೇಹ ಮಾತ್ರ, ಬೆಂಚು ಹೊರುವಾಗ ಹೊಳೆದದ್ದು: ಕೊನೆ ಎಲ್ಲರಿಗೂ ಗೊತ್ತು ಎಂದು ಬರೆದ ತಾವು ಆ ದಿನ ಕೊನೆಯವರೆಗೆ ಕುಳಿತಿದ್ದಿರಿ ತಾನೇ? ಅಥವಾ ತಮಗೂ ಎಲ್ಲಿಗೋ ಒಂದು ಕೊನೆಯ ಬಸ್ಸು ಇತ್ತೇ?

ಬೆಂಚಿನ ಒಂದು ತುದಿ ಹಿಡಿದಿರುವ,
ತಮ್ಮ ವಿಶ್ವಾಸಿ,
ಹನುಮಂತಯ್ಯ
ಬಿ.ಎ. (ಇಂಟರ್‌ವಲ್‌ವರೆಗೆ)

ತಾ.ಕ.: ಯುಗಾದಿಯ ಬೆಳಿಗ್ಗೆ ಹೋಟೆಲಿನ ಪೂಜೆ. ತಾವು ತಪ್ಪದೆ ಬರಬೇಕು. ಎರಡು ಇಡ್ಲಿ, ಒಂದು ವಡೆ, ಚಟ್ನಿ ಎಲ್ಲವನ್ನೂ ಬಡಿಸಲಾಗುವುದು. ಕಾಫಿ ಬರುವ ಹೊತ್ತಿಗೆ ಸರಿಯಾಗಿ ಜವರಪ್ಪ ಮೂರನೆಯ ಹಾರನ್ ಹೊಡೆಯುತ್ತಾನೆ, ತಮ್ಮನ್ನು ಬಸ್ಸು ಹತ್ತಿಸಲಾಗುವುದು. ಬೇಸರ ಬೇಡ, ಗಿಡ್ಡಮ್ಮನ ಕಾಫಿ ಹೇಗಿರುತ್ತದೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು.