ಹದಿನೆಂಟನೆಯ ಮನವಿ

ಮೇಷ್ಟರ ಬಲಗೈ ಹೆಬ್ಬೆರಳು ವಾಸಿಯಾದದ್ದೇ ಎಲ್ಲಕ್ಕೂ ಮೂಲ.

ಹದಿನಾಲ್ಕು ತಿಂಗಳ ಹಿಂದೆ ಆ ಬೆರಳು ತಕ್ಕಡಿ ರಿಪೇರಿ ಅಂಗಡಿಯ ಬಾಗಿಲ ಸಂದಿಗೆ ಸಿಕ್ಕಿ ಮುರಿದಿತ್ತು. ಮೊದಲನೆಯ ವೈದ್ಯರು ಅದನ್ನು ಸೊಟ್ಟಗೆ ಕೂಡಿಸಿದರು. ಎರಡನೆಯವರು ಮತ್ತೆ ಮುರಿದು ಇನ್ನೊಂದು ಕಡೆಗೆ ಸೊಟ್ಟ ಮಾಡಿದರು. ಮೂರನೆಯವರು ಇಬ್ಬರ ಕೆಲಸವನ್ನೂ ನೋಡಿ ನಕ್ಕು, ಮೊದಲಿನಿಂದ ಆರಂಭಿಸಿದರು. ಕೊನೆಗೂ ಈ ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಮೇಷ್ಟರು ಪೆನ್ನು ಹಿಡಿದು ತಮ್ಮ ಹೆಸರನ್ನು ಮೂರು ಸಲ ಬರೆದು ನೋಡಿದರು. ನೋಯಲಿಲ್ಲ. ಏಳೂಕಾಲಿಗೆ ಬೀದಿ ದಾಟಿ ತಕ್ಕಡಿ ಅಂಗಡಿಯ ಮೆಟ್ಟಿಲು ಹತ್ತಿದರು. ಕೈಯನ್ನು ಕೊರಳಿಗೆ ತೂಗುಹಾಕಿದ್ದ ಬಿಳಿಯ ಬಟ್ಟೆ ಮಾತ್ರ ಹಾಗೆಯೇ ಇತ್ತು. ಅದಿದ್ದರೆ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು.

ಅಂಗಡಿಯ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಅರೆಹವಾಲ್ದಾರ. ವರ್ಷದಲ್ಲಿ ಹನ್ನೊಂದೂವರೆ ತಿಂಗಳು ಅವನು ತಕ್ಕಡಿ ರಿಪೇರಿ ಮಾಡುತ್ತಿದ್ದ. ಉಳಿದ ಹದಿನೈದು ದಿನ ಮೀಸಲು ಪಡೆಯಲ್ಲಿ ಸೈನಿಕ. ಅಲ್ಲಿ ಅವನು ತೋಳಿನ ಮೇಲೆ ಎರಡು ಪಟ್ಟಿ ಹೊತ್ತ ನಾಯಕ. ಮೂರನೆಯ ಪಟ್ಟಿ ಬಂದರೆ ಹವಾಲ್ದಾರ. ಅದು ಬರಬೇಕಾದರೆ ಇಪ್ಪತ್ತೆಂಟು ದಿನಗಳ ಬಡ್ತಿ ತರಬೇತಿ ಮುಗಿಸಬೇಕು. ನಾಲ್ಕು ತಿಂಗಳಿಗೊಂದು ಶಿಬಿರ, ಶಿಬಿರಕ್ಕೆ ಎಂಟು ಜನ. ಒಂಬತ್ತು ವರ್ಷ ಎರಡು ತಿಂಗಳ ಹಿಂದೆ ಅರ್ಜಿ ಹಾಕಿದ ಅವನಿಗೆ ಇನ್ನೂ ಕರೆ ಬಂದಿರಲಿಲ್ಲ. ಅವನ ನಂತರ ಸೇರಿದವರು ಹವಾಲ್ದಾರರಾಗಿ, ಹೊಟ್ಟೆ ಬೆಳೆಸಿ, ಪಡೆ ಬಿಟ್ಟೂ ಆಗಿತ್ತು. ನಲವತ್ತು ತುಂಬಿದವರಿಗೆ ತರಬೇತಿಯಿಲ್ಲ. ಅವನಿಗೆ ನಲವತ್ತು ತುಂಬಲು ಹನ್ನೊಂದು ತಿಂಗಳು ಉಳಿದಿತ್ತು. ಕಾಲು ಗ್ರಾಂ ವ್ಯತ್ಯಾಸವನ್ನು ಕಣ್ಣಿನಲ್ಲೇ ಹಿಡಿಯಬಲ್ಲ ಆ ಮನುಷ್ಯನಿಗೆ ಈ ಒಂಬತ್ತು ವರ್ಷಗಳ ತೂಕ ಎಲ್ಲಿ ತಪ್ಪಿತೆಂಬುದು ಮಾತ್ರ ತಿಳಿದಿರಲಿಲ್ಲ.

ಪ್ರಯತ್ನದಲ್ಲಿ ಕೊರತೆಯಿರಲಿಲ್ಲ. ಅರ್ಜಿ ಒಂದು, ಆಮೇಲೆ ಎಂಟು ವರ್ಷ, ಆರು ತಿಂಗಳಿಗೊಂದರಂತೆ ನೆನಪೋಲೆ ಹದಿನಾರು. ಒಟ್ಟು ಹದಿನೇಳನ್ನೂ ಬರೆದವರು ಮೇಷ್ಟರು. ಪ್ರತಿ ಸಲವೂ ಕಚೇರಿಯವರು ಮೊಹರು ಒತ್ತಿದ ಹಳದಿಯ ಸ್ವೀಕೃತಿ ಚೀಟಿ ಕೊಡುತ್ತಿದ್ದರು. ಮೇಷ್ಟರು ಅದನ್ನು ಉದ್ದನೆಯ ನೋಟುಬುಕ್ಕಿನಲ್ಲಿ, ಮೊಹರು ಮೇಲೆ ಬರುವಂತೆ, ತಾವೇ ಕಾಯಿಸಿದ ಅಂಟಿನಿಂದ ನಾಲ್ಕು ಅಂಚಿಗೂ ಬಳಿದು ಅಂಟಿಸುತ್ತಿದ್ದರು. "ಸಾಕ್ಷಿ ಅಂದ್ರೆ ಗಟ್ಟಿಯಾಗಿರ್ಬೇಕು" ಎಂಬುದು ಅವರ ವಾದ. ಬೆರಳು ಮುರಿದ ಮೇಲೆ ಪತ್ರಗಳು ನಿಂತವು. ಅರೆಹವಾಲ್ದಾರ ತಾನೇ ಬರೆಯುವಂತಿರಲಿಲ್ಲ. ಅವನ ಅಕ್ಷರ ಇರುವೆ ಮಸಿಕುಡಿಕೆಗೆ ಬಿದ್ದು ಎದ್ದು ನಡೆದಂತಿತ್ತು.

"ಏನಯ್ಯಾ, ಹದಿನಾಲ್ಕು ತಿಂಗಳು ಬಾಯಿ ಮುಚ್ಕೊಂಡು ಕೂತಿದೀಯಲ್ಲ, ಸ್ವಲ್ಪಾನೂ ರೋಷ ಬೇಡ್ವಾ?" ಎಂದರು ಮೇಷ್ಟರು.

"ನಿಮ್ಮ ಬೆರಳಿಗೇ ಕಾಯ್ತಿದ್ದೆ ಮೇಷ್ಟ್ರೇ."

"ಬೆರಳು ಬಂತು, ಹಾಳೆ ತಗೊ. ಇವತ್ತು ಹನ್ನೆರಡು ಗಂಟೆಗೆ ಮುಂದಿನ ಶಿಬಿರದ ಎಂಟು ಹೆಸರಿಗೆ ಸಹಿ ಬೀಳತ್ತೆ. ಅದಕ್ಕೆ ಮುಂಚೆ ಮುಟ್ಟಿಸ್ಬೇಕು. ಈ ಸಲ ನೆನಪೋಲೆ ಗಿನಪೋಲೆ ಅಲ್ಲ. ಮೇಲ್ಮನವಿ!"

ಬೆಂಚಿನ ಮೇಲೆ ಮಲಗಿದ್ದ ಭಾವಮೈದ ಒಂದು ಕಣ್ಣು ತೆರೆದ. ಇವನು ಅರೆಹವಾಲ್ದಾರನ ಹೆಂಡತಿಯ ತಮ್ಮ. ಅಂಗಡಿಗಳಿಗೆ ಬೋರ್ಡು ಬರೆಯುವ ಕಸುಬು, ಮೀಸಲು ಪಡೆಯಲ್ಲಿ ಇವನೂ ಎರಡು ಪಟ್ಟಿಯ ನಾಯಕ. "ಬಿಡಿ ಭಾವ, ಬರೋದಾದ್ರೆ ತಾನಾಗೇ ಬರತ್ತೆ. ಈ ಬಿಸಿಲಲ್ಲಿ ಎಲ್ಲಿಗ್ ಹೋಗ್ತೀರಿ?"

ಒಳಗಿನಿಂದ ಅವನ ಅಕ್ಕನ ದನಿ ಬಂತು. "ನಿನ್ನ ಹಾಗೆ ಬಿದ್ಕೊಂಡಿದ್ರೆ ಬರತ್ತೇನೋ? ಜನ್ಮಕ್ಕೊಂದು ಅರ್ಜಿ ಹಾಕಿದಾನೆ ಪುಣ್ಯಾತ್ಮ, ಅದನ್ನೂ ಹೋದ ವರ್ಷ ಇವರ ಕೈಲೇ ಕೊಟ್ಟು ಕಳಿಸಿದ್ದು! ರೀ, ನೀವು ಬರೆಸ್ರೀ. ಎದುರುಮನೆಯವಳು 'ನಿಮ್ಮನೆಯವ್ರು ಪೂರ್ತಿ ಯಾವಾಗ ಆಗ್ತಾರೆ' ಅಂತ ನಿನ್ನೆ ನಲ್ಲಿ ಹತ್ರ ಕೇಳಿದ್ಳು."

ಮನವಿ ನಾಲ್ಕು ಹಾಳೆಯಾಯಿತು. ಮೊದಲ ಹಾಳೆಯಲ್ಲಿ ದೇಶರಕ್ಷಣೆಯ ಮಹತ್ವ; ಎರಡನೆಯದರಲ್ಲಿ ಅರ್ಜಿದಾರನ ಸಹನೆ; ಮೂರನೆಯದರಲ್ಲಿ ಕಚೇರಿಯ ನಿದ್ರೆ. ಅರ್ಜಿದಾರನಿಗೆ ಬೇಕಾದದ್ದು ಏನೆಂಬುದು ನಾಲ್ಕನೆಯ ಹಾಳೆಯ ಕೊನೆಯ ಎರಡು ಸಾಲಿನಲ್ಲಿ ಬಂತು. ಆ ಹೊತ್ತಿಗೆ ಹತ್ತೂಕಾಲು.

ಸಮವಸ್ತ್ರವಿಲ್ಲದೆ ಹೋದರೆ ಕಚೇರಿಯಲ್ಲಿ ಮಾತನಾಡಿಸುವುದಿಲ್ಲ. ಸಮವಸ್ತ್ರ ಪಕ್ಕದ ದರ್ಜಿಯ ಬಳಿಯಿತ್ತು. ಪ್ಯಾಂಟಿನ ಸೊಂಟ ಎರಡು ಇಂಚು ಸಡಿಲಿಸಲು ಕೊಟ್ಟದ್ದು. ದರ್ಜಿ ನಾಲ್ಕು ಇಂಚು ಸಡಿಲಿಸಿದ್ದ. ಅಷ್ಟೇ ಅಲ್ಲ, ಅಂಗಿಯ ಬಲತೋಳಿನಲ್ಲಿ ಮೂರು ಪಟ್ಟಿಗಳಿದ್ದವು.

"ಇದೇನಯ್ಯಾ ಇದು?" ಎಂದು ಅರೆಹವಾಲ್ದಾರ ಕಿರುಚಿದ.

"ಮೇಷ್ಟ್ರು ಬರೀತಿದಾರೆ ಅಂತ ಕೇಳ್ದೆ. ಹೇಗೂ ಆಗೋದೇ ಅಲ್ವಾ ಹವಾಲ್ದಾರ್ರೇ? ಆಮೇಲೆ ಬಿಚ್ಚೋದು ಹೊಲಿಯೋದು ಯಾಕೆ ಅಂತ ಈಗ್ಲೇ ಹಾಕ್ಬಿಟ್ಟೆ. ನನ್ನ ಕಡೆಯಿಂದ ಉಡುಗೊರೆ. ಎರಡೆಳೆ ದಾರ, ಆನೆ ಎಳೆದ್ರೂ ಬರಲ್ಲ."

ಪಡೆಯದ ಪಟ್ಟಿ ಧರಿಸಿದವರಿಗೆ ಹದಿನೈದು ದಿನ ಕಾವಲು ಕೋಣೆ. ಬಿಚ್ಚಲು ಕೂತರೆ ಹತ್ತೂಮುಕ್ಕಾಲಿನ ಬಸ್ಸು ತಪ್ಪುತ್ತದೆ. ಮೇಷ್ಟರು ಒಂದು ಕ್ಷಣ ಯೋಚಿಸಿ, ತಮ್ಮ ಕೊರಳಿನ ಬಿಳಿಯ ಬಟ್ಟೆಯನ್ನು ಬಿಚ್ಚಿ ಅವನ ಬಲತೋಳಿಗೆ ಸುತ್ತಿ ಕೊರಳಿಗೆ ಬಿಗಿದರು. ಪಟ್ಟಿ ಮರೆಯಾಯಿತು. ನೋಟುಬುಕ್ಕು ಹೊರಲು ಭಾವಮೈದನನ್ನು ಅವನ ಅಕ್ಕ ಬೆಂಚಿನಿಂದ ಎಬ್ಬಿಸಿ ಕಳುಹಿಸಿದಳು.

ಬಸ್ಸಿನಲ್ಲಿ ಎಲ್ಲರೂ ಎದ್ದು ಅರೆಹವಾಲ್ದಾರನಿಗೆ ಸೀಟು ಬಿಟ್ಟರು. ಮೇಷ್ಟರು ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನಿಂತು ಪ್ರಯಾಣ ಮಾಡಿದರು. ಆ ಕೋಪದಲ್ಲಿ ಮೂರನೆಯ ಹಾಳೆಗೆ ಇನ್ನೂ ಎರಡು ವಾಕ್ಯ ಸೇರಿಸಿದರು.

ಹನ್ನೊಂದೂಹತ್ತಕ್ಕೆ ಬಸ್ಸಿನ ಚಕ್ರ ಸಿಡಿಯಿತು. ಕಚೇರಿ ಇನ್ನೂ ಎರಡು ಕಿಲೋಮೀಟರು. ಅರೆಹವಾಲ್ದಾರ ಓಡಿದ. ನೂರು ಹೆಜ್ಜೆಯೊಳಗೆ ಸೊಂಟದ ಹೆಚ್ಚುವರಿ ಎರಡು ಇಂಚು ತನ್ನ ಗುಣ ತೋರಿಸಿತು. ಬಲಗೈ ಕೊರಳಿಗೆ ಕಟ್ಟಿದ್ದುದರಿಂದ ಎಡಗೈಯಲ್ಲಿ ಪ್ಯಾಂಟು ಹಿಡಿದ. ಎಡಗೈಯಲ್ಲಿ ಪ್ಯಾಂಟು ಇದ್ದುದರಿಂದ ಮನವಿಯನ್ನು ಹಲ್ಲಿನಲ್ಲಿ ಕಚ್ಚಿದ. ಹಿಂದೆ ಮೇಷ್ಟರು, "ನಾಲ್ಕನೇ ಹಾಳೆ ಒದ್ದೆ ಮಾಡ್ಬೇಡವೋ!" ಎನ್ನುತ್ತ ಓಡಿದರು. ಅವರ ಹಿಂದೆ ಭಾವಮೈದ ನೋಟುಬುಕ್ಕನ್ನು ಬಿಸಿಲಿಗೆ ಅಡ್ಡ ಹಿಡಿದು ನಡೆದು ಬಂದ.

ಕಚೇರಿಯ ಗೇಟಿನಲ್ಲಿ ಕಾವಲಿನವನು ಕೋಲು ಅಡ್ಡ ಹಿಡಿದ. "ಗಾಯ ಆಗಿರೋರು ಮೊದ್ಲು ಚಿಕಿತ್ಸೆ ಕೋಣೆಗೆ. ರೂಲು."

"ಗಾಯ ಏನಿಲ್ಲ!" ಎನ್ನಲು ಅರೆಹವಾಲ್ದಾರ ಬಾಯಿ ತೆರೆದ; ಮನವಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಎಡಗೈ ಬಿಟ್ಟ, ಪ್ಯಾಂಟು ಜಾರಿತು. ಕಾವಲಿನವನಿಗೆ ಗಾಯ ಬಹಳ ಆಳವಾದದ್ದೆಂದು ಖಾತ್ರಿಯಾಯಿತು. ಇಬ್ಬರು ಕಾವಲಿನವರು ಸೇರಿ ಅರೆಹವಾಲ್ದಾರನನ್ನು ಎತ್ತಿಕೊಂಡೇ ಒಳಗೆ ಹೋದರು.

ಚಿಕಿತ್ಸೆ ಕೋಣೆಯ ಕಾಂಪೌಂಡರು ಬಟ್ಟೆ ಬಿಚ್ಚಿದರು. ತೋಳು ನೋಡಿದರು, ಎದೆಯ ಮೇಲಿನ ಗುರುತಿನ ಚೀಟಿ ನೋಡಿದರು, ಮತ್ತೆ ತೋಳು ನೋಡಿದರು. "ಚೀಟಿ ಪ್ರಕಾರ ನಾಯಕ. ತೋಳಿನ ಪ್ರಕಾರ ಹವಾಲ್ದಾರ. ಕೈಗೆ ಏನಾಗಿದೆ ಅಂತ ಈಗ ಅರ್ಥ ಆಯ್ತು. ಇಲ್ಲೇ ಕೂತಿರಿ, ಅಧಿಕಾರಿಗಳನ್ನ ಕರ್ಕೊಂಡ್ ಬರ್ತೀನಿ." ಹೊರಗಿನಿಂದ ಚಿಲಕ ಬಿತ್ತು.

ಗೋಡೆಯ ಗಡಿಯಾರ ಹನ್ನೊಂದೂ ಐವತ್ತು ತೋರಿಸುತ್ತಿತ್ತು. ಒಂಬತ್ತು ವರ್ಷ ಕಾದವನು ಇನ್ನು ಹತ್ತು ನಿಮಿಷ ಕಾಯಲಾರದೆ ಕಿಟಕಿ ಹತ್ತಿದ. ಅರ್ಧ ದೇಹ ಹೊರಗೆ ಬಂತು, ಅರ್ಧ ಸಿಕ್ಕಿಕೊಂಡಿತು. ಹೊರಗೆ ನೆರಳಿನಲ್ಲಿ ಕೂತಿದ್ದ ಭಾವಮೈದ ಎದ್ದು ಬಂದು, "ಭಾವ, ದೇವರೇ ಹಿಡ್ಕೊಂಡಿರೋ ಹಾಗಿದೆ, ವಾಪಸ್ ಹೋಗ್ಬಿಡೋಣ" ಎಂದ. ಮೇಷ್ಟರು ಎರಡು ಕೈಯಿಂದಲೂ ಎಳೆದರು. ವಾಸಿಯಾದ ಹೆಬ್ಬೆರಳು ಚೆನ್ನಾಗಿ ಕೆಲಸ ಮಾಡಿತು.

ಹನ್ನೊಂದೂ ಐವತ್ತೇಳಕ್ಕೆ ಹಲ್ಲಿನ ಗುರುತು ಬಿದ್ದ ನಾಲ್ಕು ಹಾಳೆಗಳು ಗುಮಾಸ್ತರ ಕಿಟಕಿಯೊಳಗೆ ತೂರಿಕೊಂಡವು. ಗುಮಾಸ್ತರು ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹೆಸರು ಓದಿ, ಎದುರಿಗಿದ್ದ ಸರದಿ ಪುಸ್ತಕ ನೋಡಿ, ಕನ್ನಡಕ ತೆಗೆದು ಅರೆಹವಾಲ್ದಾರನ ಮುಖವನ್ನೇ ನೋಡಿದರು.

"ಇದನ್ನ ಕೊಡ್ಲೇಬೇಕಾ?"

"ಕೊಡ್ಲೇಬೇಕು ಸ್ವಾಮಿ!"

"ನಾಳೆ ಬನ್ನಿ. ನಾಡಿದ್ದು ಬಂದ್ರೆ ಇನ್ನೂ ಒಳ್ಳೇದು."

"ನೋಡಿದ್ಯಾ, ನೋಡಿದ್ಯಾ!" ಎಂದು ಮೇಷ್ಟರು ಗುಡುಗಿದರು. "ಹನ್ನೆರಡು ದಾಟಿಸೋ ಹುನ್ನಾರ!"

"ಸಹಿ ಬೀಳೋ ತನಕ ಸರದಿ ವಿಚಾರ ನಾನು ಬಾಯಿ ಬಿಡೋ ಹಾಗಿಲ್ಲ" ಎಂದರು ಗುಮಾಸ್ತರು, ದನಿ ತಗ್ಗಿಸಿ. "ವಯಸ್ಸಿನಲ್ಲಿ ದೊಡ್ಡವನಾಗಿ ಹೇಳ್ತೀನಿ ಕೇಳಪ್ಪಾ. ಮನೇಗ್ ಹೋಗಿ ಊಟ ಮಾಡಿ ಮಲಗು."

"ತಗೊಳ್ಳಿಲ್ಲ ಅಂದ್ರೆ ನಿಮ್ಮ ಮೇಲೂ ಒಂದು ಬರೀತೀನಿ! ನನ್ನ ಬೆರಳು ಈಗ ವಾಸಿಯಾಗಿದೆ!"

ಗುಮಾಸ್ತರು ನಿಟ್ಟುಸಿರು ಬಿಟ್ಟು ಮೊಹರು ಒತ್ತಿದರು. ಹಳದಿ ಚೀಟಿ ಹರಿದು ಕೊಟ್ಟರು. ಸರದಿ ಪುಸ್ತಕದಲ್ಲಿ ಒಂದು ಸಾಲನ್ನು ಕೆಂಪು ಶಾಯಿಯಿಂದ ಹೊಡೆದು, ಎರಡು ಪುಟ ಮಗುಚಿ, ಕೊನೆಯಲ್ಲಿ ಏನೋ ಬರೆದು, ಪುಸ್ತಕವನ್ನು ಒಳಗೆ ಕೊಂಡೊಯ್ದರು. ಹನ್ನೆರಡು ಹೊಡೆಯಿತು. ಮೇಷ್ಟರು ಅರೆಹವಾಲ್ದಾರನನ್ನು ತಬ್ಬಿಕೊಂಡರು.

ಹನ್ನೆರಡೂ ಐದಕ್ಕೆ ಎಂಟು ಹೆಸರು ಗೋಡೆಗೆ ಬಿದ್ದವು. ಏಳು ಅಪರಿಚಿತ. ಎಂಟನೆಯದು ಭಾವಮೈದನದು.

"ಅಯ್ಯೋ," ಎಂದ ಭಾವಮೈದ, ನಿಜವಾಗಿಯೂ ಬೇಸರದಿಂದ. "ಇಪ್ಪತ್ತೆಂಟು ದಿನ ಬೆಳಗ್ಗೆ ಐದಕ್ಕೆ ಎಬ್ಬಿಸ್ತಾರಂತೆ ಭಾವ."

ಅರೆಹವಾಲ್ದಾರ ಕಿಟಕಿಗೆ ಹಾರಿದ. ಗುಮಾಸ್ತರು ಈಗ ಬಾಯಿ ಬಿಡಬಹುದಾಗಿತ್ತು. "ಚೀಟಿ ತಿರುಗಿಸಿ ನೋಡಪ್ಪಾ" ಎಂದರು.

ಹಳದಿ ಚೀಟಿಯ ಬೆನ್ನಿನಲ್ಲಿ ಸಣ್ಣ ಅಕ್ಷರದ ಎರಡು ಸಾಲುಗಳಿದ್ದವು: 'ಅದೇ ವಿಷಯವಾಗಿ ಹೊಸ ಪತ್ರ ಸಲ್ಲಿಸಿದಲ್ಲಿ ಹಿಂದಿನ ಪತ್ರವು ರದ್ದಾಗತಕ್ಕದ್ದು. ಸರದಿಯನ್ನು ಹೊಸ ಪತ್ರದ ದಿನಾಂಕದಿಂದ ಎಣಿಸತಕ್ಕದ್ದು.'

"ಹದಿನೇಳು ಸಲ ಕೊಟ್ಟಿದೀವಿ. ಒಂದು ಸಲಾನೂ ಓದ್ಲಿಲ್ವಾ?"

ಅರೆಹವಾಲ್ದಾರ ನೋಟುಬುಕ್ಕು ಕಿತ್ತುಕೊಂಡು ಒಂದು ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿದ. ಉಗುರು ಮುರಿಯಿತು. ಅಂಟು ಗಟ್ಟಿಯಾಗಿತ್ತು.

ಗುಮಾಸ್ತರು ಲೆಕ್ಕ ಬಿಡಿಸಿ ಹೇಳಿದರು. ಆರು ತಿಂಗಳಿಗೊಮ್ಮೆ ಪತ್ರ ಕೊಟ್ಟು ಅವನು ಪ್ರತಿ ಸಲವೂ ಸರದಿಯ ಕೊನೆಗೆ ಹೋಗುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಅವನ ಸಂಖ್ಯೆ ಮೂವತ್ತೆರಡು. ಅದೇ ದಿನ ಅವನೇ ತಂದುಕೊಟ್ಟ ಭಾವಮೈದನ ಅರ್ಜಿಯದು ಮೂವತ್ತಮೂರು. ಆಮೇಲೆ ಮೂರು ಶಿಬಿರ, ಎಂಟರಂತೆ ಇಪ್ಪತ್ತನಾಲ್ಕು ಜನ ಹೋದರು. ಇವತ್ತು ಬೆಳಗ್ಗೆ ಅವನು ಎಂಟನೆಯವನು, ಭಾವಮೈದ ಒಂಬತ್ತನೆಯವನು. ಹನ್ನೊಂದೂ ಐವತ್ತೆಂಟಕ್ಕೆ ಅವನು ಪುನಃ ಮೂವತ್ತೆರಡು. ಇವತ್ತಿನ ಎಂಟು ಕಳೆದರೆ ಇಪ್ಪತ್ತನಾಲ್ಕು, ಅಂದರೆ ಮೂರನೆಯ ಶಿಬಿರ. ಅದು ಹನ್ನೆರಡು ತಿಂಗಳಿಗೆ. ಅವನಿಗೆ ನಲವತ್ತು ತುಂಬುವುದು ಹನ್ನೊಂದಕ್ಕೆ.

ಅಷ್ಟರಲ್ಲಿ ಕಾಂಪೌಂಡರು ಅಧಿಕಾರಿಯೊಡನೆ ಬಂದರು. ಅಧಿಕಾರಿ ನಡೆದದ್ದನ್ನೆಲ್ಲ ಕೇಳಿ, ಕಾವಲು ಕೋಣೆಯ ಶಿಕ್ಷೆಯನ್ನು ಮನ್ನಾ ಮಾಡಿ, ಮೂರನೆಯ ಪಟ್ಟಿಯನ್ನು ಸ್ಥಳದಲ್ಲೇ ಕೀಳಲು ಹೇಳಿದರು. ದರ್ಜಿಯ ಮಾತು ಸುಳ್ಳಾಗಲಿಲ್ಲ. ಪಟ್ಟಿ ಬರಲಿಲ್ಲ, ಅಂಗಿಯ ತೋಳೇ ಬಂತು. ಅಧಿಕಾರಿ ಆ ತೋಳನ್ನು ಭಾವಮೈದನ ಕೈಗಿತ್ತು, "ಇಟ್ಕೊಳ್ಳಿ, ಮುಂದಿನ ತಿಂಗಳು ಬೇಕಾಗತ್ತೆ" ಎಂದರು.

ಮಧ್ಯಾಹ್ನ ಎರಡಕ್ಕೆ ಒಂದೇ ತೋಳಿನ ಅಂಗಿಯಲ್ಲಿ ಅರೆಹವಾಲ್ದಾರ ಮನೆ ಸೇರಿದ. ಹೆಂಡತಿ ಗಂಡನ ಮುಖ ನೋಡಿ ಅಳಬೇಕೋ, ತಮ್ಮನ ಮುಖ ನೋಡಿ ನಗಬೇಕೋ ತಿಳಿಯದೆ, ಕೊನೆಗೆ ಎದುರುಮನೆಯವಳಿಗೆ ಕೇಳುವಂತೆ, "ನಮ್ಮನೇಲಿ ಹವಾಲ್ದಾರ್ರು ಆದ್ರು ಕಣ್ರೀ!" ಎಂದಷ್ಟೇ ಕೂಗಿದಳು. ಯಾರು ಎಂದು ಹೇಳಲಿಲ್ಲ. ಭಾವಮೈದ ಬೆಂಚಿನ ಮೇಲೆ ಉರುಳಿಕೊಂಡು, "ಭಾವ, ಇನ್ಮೇಲೆ ನೀವು ನಂಗೆ ಸಲ್ಯೂಟ್ ಹೊಡೀಬೇಕಂತೆ. ಮನೇಲಿ ಬೇಡ ಬಿಡಿ" ಎಂದು ಕಣ್ಣು ಮುಚ್ಚಿದ.

ಅರೆಹವಾಲ್ದಾರ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಲೆಕ್ಕ ಹಾಕಿದ. ಒಮ್ಮೆಲೇ ಅವನ ಮುಖ ಅರಳಿತು. ತನಗಿಂತ ಮುಂದಿರುವವರಲ್ಲಿ ಎಂಟು ಜನ ನೆನಪೋಲೆ ಕೊಟ್ಟರೆ ಎಂಟೂ ಹೆಸರು ಹಿಂದೆ ಬೀಳುತ್ತವೆ. ಇಪ್ಪತ್ತನಾಲ್ಕು ಹದಿನಾರಾಗುತ್ತದೆ; ಎಂಟೇ ತಿಂಗಳಿಗೆ ಸರದಿ!

"ಮೇಷ್ಟ್ರೇ! ಆ ಸರದೀಲಿರೋ ಎಂಟು ಜನಕ್ಕೆ ಒಂದೊಂದು ನೆನಪೋಲೆ ಬರ್ಕೊಡಿ. ನಿಮಗೆ ಕೈ ಮುಗಿದು ಕೇಳ್ತೀನಿ!"

ಮೇಷ್ಟರು ಹೆಮ್ಮೆಯಿಂದ ಅಡ್ಡಡ್ಡ ತಲೆಯಾಡಿಸಿದರು. "ಆಗಲ್ಲಪ್ಪಾ. ಗುರುತು ಪರಿಚಯ ಇಲ್ಲದೋರಿಗೆಲ್ಲ ನಾನು ಬರೆಯೋನಲ್ಲ. ನಾನು ಬರೆಯೋದು ನನಗೆ ತೀರಾ ಬೇಕಾದೋರಿಗೆ ಮಾತ್ರ." ಪೆನ್ನಿನ ಮುಚ್ಚಳ ತೆಗೆದರು. "ಹಾಳೆ ತಗೊ. ಇದು ಘೋರ ಅನ್ಯಾಯ. ಹತ್ತೊಂಬತ್ತನೇದು ಹೇಗೆ ಬರೀತೀನಿ ನೋಡು. ನಾಳೆ ಬೆಳಗ್ಗೇನೇ ಮುಟ್ಟಿಸೋಣ."

ಅರೆಹವಾಲ್ದಾರ ಮೇಷ್ಟರ ಹೆಬ್ಬೆರಳನ್ನು ನೋಡಿದ. ಆಮೇಲೆ ಅಂಗಡಿಯ ಬಾಗಿಲನ್ನು ನೋಡಿದ. ನಿಧಾನವಾಗಿ ಎದ್ದು, ಸ್ಟೂಲನ್ನು ತಂದು ಹೊಸ್ತಿಲ ಪಕ್ಕದಲ್ಲಿ ಹಾಕಿದ.

"ಇಲ್ಲಿ ಬೆಳಕು ಚೆನ್ನಾಗಿದೆ ಮೇಷ್ಟ್ರೇ, ಇಲ್ಲೇ ಕೂತ್ಕೊಳ್ಳಿ" ಎಂದ ಬಹಳ ವಿನಯದಿಂದ. "ಕೈ ಸ್ವಲ್ಪ ಬಾಗಿಲ ಚೌಕಟ್ಟಿನ ಮೇಲೆ ಇಟ್ಕೊಳ್ಳಿ."