ಅತ್ತೆ ವಿಚಾರಿಸದೆ ನಂಬಿದ ಸುದ್ದಿ

ನಮ್ಮ ಸೋದರತ್ತೆಗೆ ಈ ಜಗತ್ತಿನಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಪೇಪರಿನವರು, ಟೀವಿಯವರು, ಮೊಬೈಲಿನವರು, ನಾನು, ಎಲ್ಲರೂ ಒಂದೇ. ತೊಪ್ಪನೆ ತೊಯ್ದು ಒಳಗೆ ಬಂದು, "ಮಳೆ ಬತ್ತಾ ಐತೆ ಅತ್ತೆ" ಅಂದರೂ ಕಿಟಕಿಯಿಂದ ಕೈ ಚಾಚಿ ನೋಡಿದ ಮೇಲೆಯೇ ಹೊರಗೆ ಒಣಹಾಕಿದ ಬಟ್ಟೆ ತರುವವಳು!

ಇಂಥವಳನ್ನು ನೆಂಟರು, ಹಳೆಯ ನೆರೆಹೊರೆಯವರೆಲ್ಲ ಇರುವ ಮೊಬೈಲ್ ಗುಂಪಿಗೆ ಸೇರಿಸಿದ ಪಾಪ ನನ್ನದು. ಅದರಲ್ಲಿ ಸರ್ಕಾರಕ್ಕೂ ಸ್ವಲ್ಪ ಪಾಲಿದೆ. ಹೆಂಗಸರಿಗೆ ಬಸ್ಸು ಫ್ರೀ ಆದದ್ದೂ ಅದೇ ಹೊತ್ತಿಗೆ. ಸುದ್ದಿಯೂ ಪುಕ್ಕಟೆ, ಪ್ರಯಾಣವೂ ಪುಕ್ಕಟೆ, ಇನ್ನೇನು ಬೇಕು? ಗುಂಪಿನಲ್ಲಿ ಏನೇ ಬರಲಿ, ಅತ್ತೆ ಆಧಾರ್ ಕಾರ್ಡು ಹಿಡಿದು, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, ಆಂಡರ್ಸನ್‌ಪೇಟೆಯ ಬಸ್ ಸ್ಟಾಪಿನಲ್ಲಿ ಹಾಜರು. ಕಂಡಕ್ಟರುಗಳಿಗೂ ಅಭ್ಯಾಸವಾಗಿಹೋಗಿತ್ತು.

"ಏನಮ್ಮಾ, ಇವತ್ತೇನ್ ಕೇಸು?"

"ಕ್ಯಾಸಂಬಳ್ಳೀಲಿ ಚಿರತೆ ಬಂದೈತಂತೆ. ನೋಡ್ಕೊಂಡ್ ಬತ್ತೀನಿ."

ಚಿರತೆ ಬಂದಿದೆ ಎಂದರೆ ಜನ ಊರು ಬಿಡುತ್ತಾರೆ; ಇವಳು ಆ ಊರಿಗೇ ಹೋಗುತ್ತಾಳೆ! ಸಂಜೆ ಬಂದವಳ ಕೈಯಲ್ಲಿ ಚೀಲ.

"ಚಿರತೆ ಸಿಕ್ತಾ ಅತ್ತೆ?"

"ಇಲ್ಲ ಕಣ್ಲಾ. ಅವರೆಕಾಯಿ ಸಿಕ್ತು, ತಗಾ. ಅಲ್ಲಿ ಚಿರತೆ ನೋಡ್ದೋರು ಒಬ್ರೂ ಇಲ್ಲ. ನೋಡ್ದೋರನ್ನ ನೋಡ್ದೋರೇ ಎಲ್ಲಾ!"

ನಮ್ಮ ದೇಶದ ಅರ್ಧ ಸುದ್ದಿಗಳ ಹಣೆಬರಹ ಇದೇ ಅಲ್ಲವೇ?

ಇನ್ನೊಮ್ಮೆ ಕಾಮಸಮುದ್ರದ ಕಡೆ ಬೇವಿನ ಮರದಿಂದ ಹಾಲು ಸುರಿಯುತ್ತಿದೆ ಎಂದು ಬಂತು. ಅತ್ತೆ ಹೋದಳು. ಅರಿಶಿನ, ಕುಂಕುಮ, ಕರ್ಪೂರ, ಕೈಮುಗಿದ ಜನ. ಇವಳು ಸೀದಾ ಬೆರಳದ್ದಿ ನೆಕ್ಕಿ, "ಕಾಫೀಗ್ ಆಗಲ್ಲ" ಎಂದು ತೀರ್ಪು ಕೊಟ್ಟಳಂತೆ! ಪೂಜೆ ಮಾಡುತ್ತಿದ್ದವನಿಗೆ ರೇಗಿತು.

"ಏನಮ್ಮಾ, ನಿಂಗೆ ಭಕ್ತಿ ಇಲ್ವಾ?"

"ಐತಪ್ಪಾ. ಇಲ್ದಿದ್ರೆ ಎರಡು ಬಸ್ಸು ಅತ್ತಿ ಬತ್ತಿದ್ನಾ?"

ಹಾಗಂತ ಅವಳು ದೊಡ್ಡ ವಿಚಾರವಾದಿಯೇನಲ್ಲ. ಆ ದಿನವೂ ಹೊರಡುವಾಗ ಬೆಕ್ಕು ಅಡ್ಡ ಬಂತೆಂದು ಮನೆಗೆ ಮರಳಿ, ನೀರು ಕುಡಿದು, ಆಮೇಲೆ ಮೂಢನಂಬಿಕೆ ಪರೀಕ್ಷಿಸಲು ಹೋಗಿದ್ದಳು.

ಹೀಗಿರುವಾಗ ಮೊನ್ನೆ ಒಂದು ಬೆಳಿಗ್ಗೆ ಗುಂಪಿಗೆ ಒಂದು ಫೋಟೋ ಬಂತು. ಅತ್ತೆಯ ಹಳೆಯ ಗೆಳತಿಯ ಮುಖ, ಸುತ್ತ ಹೂವಿನ ಚೌಕಟ್ಟು, ಕೆಳಗೆ ದೀಪ. ಕೈಮುಗಿಯುವ ಚಿತ್ರಗಳು ಸಾಲುಗಟ್ಟಿದವು. ಒಬ್ಬ ಚಿಕ್ಕಪ್ಪ ಅವಸರದಲ್ಲಿ ಕೇಕಿನ ಚಿತ್ರ ಒತ್ತಿ, ಅಳಿಸಿ, ಕ್ಷಮೆ ಕೇಳಿದರು.

ನಮ್ಮೂರ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಿಂದಲೂ ಈ ಇಬ್ಬರೂ ಒಂದೇ ಗೋಡೆಯ ಆಚೀಚೆ ಕಾರ್ಮಿಕರ ಲೈನುಮನೆಗಳಲ್ಲಿದ್ದವರು. ಆಕೆಯದು ತಮಿಳು, ಇವಳದು ಕನ್ನಡ. ಜಗಳ ಮಾತ್ರ ತೆಲುಗಿನಲ್ಲಿ, ಇಬ್ಬರಿಗೂ ಅನ್ಯಾಯ ಆಗಬಾರದೆಂದು! ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಒಂದು ದಿನ ನಲ್ಲಿಯ ಹತ್ತಿರ ಯಾರ ಬಿಂದಿಗೆ ಮೊದಲು ಎಂಬ ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಆಮೇಲೆ ಆಕೆ ಮಗನ ಜೊತೆ ಬಂಗಾರಪೇಟೆ ಸೇರಿದರು. ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅತ್ತೆ ಡಬ್ಬಿ ತೆಗೆಯುತ್ತಾಳೆ, ವಿಚಾರಣೆಗೆ ಹೊರಡುತ್ತಾಳೆ ಎಂದುಕೊಂಡೆ. ಅವಳು ಡಬ್ಬಿ ಮುಟ್ಟಲಿಲ್ಲ. ಯಾರಿಗೂ ಫೋನ್ ಮಾಡಲಿಲ್ಲ. "ಗಾಡಿ ತೆಗಿಲಾ" ಅಂದಳು, ಅಷ್ಟೇ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ದಾರಿಯುದ್ದಕ್ಕೂ ಹಿಂದಿನಿಂದ ನನ್ನ ಹೆಗಲು ತಟ್ಟಿ ಅವಸರಪಡಿಸುತ್ತಲೇ ಇದ್ದಳು. ಬಂಗಾರಪೇಟೆಯಲ್ಲಿ ಇಳಿದು ಸುಗಂಧರಾಜದ ದಪ್ಪ ಹಾರ ಕೊಂಡಳು.

ಗೆಳತಿಯ ಮನೆಯ ಮುಂದೆ ಶಾಮಿಯಾನವೂ ಇಲ್ಲ, ಜನವೂ ಇಲ್ಲ. ಹೊಸ್ತಿಲ ಮೇಲೆ ಸತ್ತವರೇ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು!

ತೀರಿಕೊಂಡದ್ದು ಹಿಂದಿನ ಬೀದಿಯ, ಅದೇ ಹೆಸರಿನ ಇನ್ನೊಬ್ಬ ಹೆಂಗಸು. ಯಾರೋ ಪುಣ್ಯಾತ್ಮರು ಹೆಸರು ಕೇಳಿ, ಇವರ ಫೋಟೋ ಹಾಕಿಬಿಟ್ಟಿದ್ದರು. ಅಷ್ಟರಲ್ಲಿ ಒಂದೆರಡು ಫೋನು ಬಂದು ಇವರಿಗೂ ವಿಷಯ ತಿಳಿದಿತ್ತು.

ಗೆಳತಿ ಒಮ್ಮೆ ಅತ್ತೆಯನ್ನು, ಒಮ್ಮೆ ಹಾರವನ್ನು ನೋಡಿದರು.

"ಏನ್ ಡೀ, ಹನ್ನೊಂದು ವರ್ಷ ಒಂದು ಮೊಳ ಹೂ ತರ್ಲಿಲ್ಲ. ಸತ್ತೆ ಅಂದ್ರೆ ಹಾರಾನೇ ತಂದುಬಿಟ್ಯಾ?"

ಅತ್ತೆ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಬೀದಿಗೆಲ್ಲ ಕೇಳುವಂತೆ ಬೈಯತೊಡಗಿದಳು. "ಬಿಂದಿಗೆ ನಿಂದೇ ಮೊದ್ಲು ಕಣೇ! ನಿಂದೇ ಮೊದ್ಲು! ಸಾಕಾ?" ಬೈಯುತ್ತಲೇ ಅಳತೊಡಗಿದಳು. ನುಗ್ಗೆಸೊಪ್ಪಿನ ಮೊರ ಪಕ್ಕಕ್ಕೆ ಸರಿಯಿತು. ಇಬ್ಬರೂ ಬಹಳ ಹೊತ್ತು ಹೊಸ್ತಿಲ ಮೇಲೆ ಒಬ್ಬರಿಗೊಬ್ಬರು ಒರಗಿ ಕೂತಿದ್ದರು.

ಕೊನೆಗೆ ಗೆಳತಿಯೇ ಎದ್ದರು. "ಹೂ ಯಾಕೆ ಬಾಡಿಸ್ತೀಯಾ, ಬಾ. ಪಾಪ, ಆ ತಾಯಿಗೂ ನಾಲ್ಕು ಜನ ಬೇಕಲ್ಲ."

ಹಿಂದಿನ ಬೀದಿಗೆ ಇಬ್ಬರೂ ಕೈ ಹಿಡಿದುಕೊಂಡೇ ನಡೆದರು. ಕಂಡು ಕೇಳರಿಯದ ಆ ಹೆಂಗಸಿಗೆ ಹಾರ ಹಾಕಿದರು. ಉಳಿದಿದ್ದ ಕಣ್ಣೀರೆಲ್ಲ ಅಲ್ಲಿ ಸುರಿಯಿತು. ಸತ್ತವರ ಮಗ ಬೆರಗಾಗಿ ಹತ್ತಿರ ಬಂದ.

"ನೀವು ಯಾರು ಅಂತ ಗೊತ್ತಾಗ್ಲಿಲ್ಲಮ್ಮಾ..."

ಅತ್ತೆ ಹಿಡಿದ ಕೈ ಬಿಡದೆ, ಮೂಗೊರೆಸಿಕೊಳ್ಳುತ್ತಾ ಹೇಳಿದಳು:

"ಫ್ರೆಂಡ್ಸು ಕಣಪ್ಪಾ. ಬಾಳಾ ವರ್ಸದ ಫ್ರೆಂಡ್ಸು."