ಪೂರ್ವಕ್ಕೆ: ಸೈಟ್ ನಂಬರ್ ಹದಿನೆಂಟು

ಕಳೆದ ಮೂರು ವರ್ಷಗಳಲ್ಲಿ ನಾನು ಅತ್ಯಂತ ಸೊಗಸಾಗಿ ಹರಟೆ ಹೊಡೆದದ್ದು ತರೀಕೆರೆಯಿಂದ ಅಜ್ಜಂಪುರಕ್ಕೆ ಬರುವ ಬಸ್ಸಿನಲ್ಲಿ, ಪಕ್ಕದ ಸೀಟಿನ ಅಪರಿಚಿತ ಹೆಂಗಸೊಬ್ಬರ ಜೊತೆ. ಹೆಸರು ಪಂಕಜಾಕ್ಷಿ ಅಂದರು. ಇಸ್ತ್ರಿ ಮಾಡಿದ ಸೀರೆ, ಕಿವಿಯಲ್ಲಿ ಬಿಳಿ ಹರಳಿನ ಓಲೆ, ತೊಡೆಯ ಮೇಲೆ ಒಂದು ಚೀಲ ವೀಳ್ಯದೆಲೆ. ಕಂಡಕ್ಟರು ಚಿಲ್ಲರೆ ಕೊಡುವಷ್ಟರಲ್ಲಿ ನಾವು ಮಂಡಿನೋವು ಮುಗಿಸಿದ್ದೆವು. ಊರು ದಾಟುವಷ್ಟರಲ್ಲಿ ನಾದಿನಿಯರನ್ನು ಮುಗಿಸಿದ್ದೆವು. ಅಲ್ಲಿಂದ ಸಹಜವಾಗಿಯೇ ನೆರೆಹೊರೆಯ ವಿಷಯಕ್ಕೆ ಬಂದೆವು.

"ನಮ್ಮ ಪಕ್ಕದ್ಮನೇಲಿ ಒಬ್ಳವ್ಳೆ ಕಣ್ರೀ," ಎಂದರು ಪಂಕಜಾಕ್ಷಿ. "ಯಾವಾಗ್ಲೂ ಮುಖ ಗಂಟು ಹಾಕ್ಕೊಂಡೇ ಇರ್ತಾಳೆ. ಗಂಡನ್ನ ಬೈಯೋದು ಮಾತ್ರ ಇಂಗ್ಲಿಷಲ್ಲಿ. ನಮಗೆ ತಿಳಿಯಲ್ಲ ಅನ್ಕೊಂಡವ್ಳೆ."

"ಅಯ್ಯೋ, ಅಂಥವಳ ಜೊತೆ ಆ ಗಂಡ ಹೆಂಗೆ ಬಾಳ್ವೆ ಮಾಡ್ತಾನೋ, ಪಾಪ!" ಎಂದು ನಾನು ಮನಸಾರೆ ಮರುಗಿದೆ. ಪ್ರತಿಯಾಗಿ ನನ್ನ ಸಂಕಟವನ್ನೂ ತೋಡಿಕೊಂಡೆ. "ನಮ್ಮ ಪಕ್ಕದಲ್ಲೂ ಒಬ್ರಿದಾರೆ. ಬೆಳಿಗ್ಗೆ ಐದೂವರೆಗೇ ಎದ್ದು ಬಾಗಿಲ ಕಸನೆಲ್ಲ ನಮ್ಮ ಗೇಟಿನ ಮುಂದಕ್ಕೆ ಗುಡಿಸಿ, ಆಮೇಲೆ ಭಕ್ತಿಯಿಂದ ರಂಗೋಲಿ ಹಾಕ್ತಾರೆ."

"ಥೂ! ಕೆಲವ್ರಿಗೆ ನಾಚ್ಕೆ ಅನ್ನೋದೇ ಇರಲ್ಲ ಬಿಡಿ!"

ಅಜ್ಜಂಪುರದಲ್ಲಿ ಇಳಿದೆವು. "ನಮ್ದೂ ಇದೇ ಕಡೆ," ಎಂದರು. ನನಗೆ ಖುಷಿಯಾಯಿತು. ಬಡಾವಣೆಯ ರಸ್ತೆಗೆ ತಿರುಗಿದೆವು. "ನಮ್ದೂ ಇಲ್ಲೇ," ಎಂದೆ. ನೀರಿನ ಟ್ಯಾಂಕಿನ ಹತ್ತಿರ ಇಬ್ಬರೂ ಬಲಕ್ಕೆ ತಿರುಗಿದಾಗ ಮಾತು ಸ್ವಲ್ಪ ಕಡಿಮೆಯಾಯಿತು. ಕೊನೆಗೆ ಅಕ್ಕಪಕ್ಕದ ಎರಡು ಗೇಟುಗಳ ಚಿಲಕಗಳ ಮೇಲೆ ಇಬ್ಬರ ಕೈಯೂ ಒಟ್ಟಿಗೇ ಬಿದ್ದಾಗ ಮಾತು ಪೂರ್ತಿ ನಿಂತಿತು.

ಆ ಕ್ಷಣವನ್ನು ವರ್ಣಿಸಲು ನಾನು ಕಲಿತ ಎರಡು ಭಾಷೆಗಳೂ ಸಾಲವು.

"ಬತ್ತೀನಿ," ಎಂದರು ಪಂಕಜಾಕ್ಷಿ, ಯಗಟಿಗೋ ಲಕ್ಕವಳ್ಳಿಗೋ ಹೊರಟವರ ಹಾಗೆ.

"ಹುಷಾರಾಗಿ ಹೋಗಿ," ಎಂದೆ ನಾನು. ಆಕೆ ಹೋಗಬೇಕಾಗಿದ್ದದ್ದು ಹನ್ನೆರಡು ಅಡಿ.

ಮೂರು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದೂ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಡುವೆ ಎದೆಮಟ್ಟದ ಕಾಂಪೌಂಡು, ಅದರಾಚೆ ಆಕೆಯ ಮನೆಗೆ ಮುಂಬಾಗಿಲಿನಿಂದ ಹಿತ್ತಿಲ ಬಾಗಿಲಿನವರೆಗೆ ಗ್ರಿಲ್. ನಾನು ಆಕೆಯನ್ನು ಕಂಡದ್ದೆಲ್ಲ ಬೆಳಗಿನ ಮಬ್ಬಿನಲ್ಲಿ, ನೈಟಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಬಗ್ಗಿದ ಭಂಗಿಯಲ್ಲಿ. (ಆಕೆ ನನ್ನನ್ನು ಕಂಡದ್ದೂ ಹಾಗೆಯೇ ಇರಬೇಕು, ಟವೆಲ್ಲಿನ ಬದಲು ಗಂಟು ಮುಖ.)

ಮನೆಗೆ ಬಂದವಳೇ ಯಜಮಾನರನ್ನು ಕೇಳಿದೆ. "ರೀ, ನಮ್ಮ ಪಕ್ಕದ ಮನೆಯವರ ಹೆಸರೇನು ಗೊತ್ತಾ?"

ನಮ್ಮ ಯಜಮಾನರು ಕಾಂತರಾಜ್, ಭೂಮಾಪಕರು. ಅಜ್ಜಂಪುರ ತಾಲ್ಲೂಕಾದಾಗ ಇಲ್ಲಿಗೆ ವರ್ಗವಾಗಿ, ಇಲ್ಲೇ ಸೈಟು ಕೊಂಡು ಮನೆ ಕಟ್ಟಿದವರು. ಲೋಕದ ಗಡಿ, ಹದ್ದುಬಸ್ತೆಲ್ಲ ಅವರ ನಾಲಿಗೆಯ ತುದಿಯಲ್ಲಿದೆ. ಫೋನಿನಿಂದ ತಲೆ ಎತ್ತದೆ ಮನೆಯ ನಾಲ್ಕು ದಿಕ್ಕಿನ ಚಕ್ಕುಬಂದಿ ಒಪ್ಪಿಸಿದರು. "ಪೂರ್ವಕ್ಕೆ ಸೈಟ್ ನಂಬರ್ ಹದಿನೆಂಟು. ಪಶ್ಚಿಮಕ್ಕೆ ಖಾಲಿ ನಿವೇಶನ. ಉತ್ತರಕ್ಕೆ ಚರಂಡಿ. ದಕ್ಷಿಣಕ್ಕೆ ರಸ್ತೆ."

"ಮನುಷ್ಯರ ಹೆಸರು ಕೇಳಿದ್ದು ಕಣ್ರೀ."

"ಕ್ರಯಪತ್ರದಲ್ಲಿ ಅಷ್ಟೇ ಇರೋದು ಕಣೇ."

ನನ್ನ ಒಂಟಿತನದ ಚಕ್ಕುಬಂದಿಯೂ ಸರಿಸುಮಾರು ಅಷ್ಟೇ. ಯಜಮಾನರು ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ. ಹೆಸರು ಸ್ಪಂದನಾ, ಆದರೆ ನಾನು ಕಳಿಸಿದ ಮೆಸೇಜಿಗೆ ಸ್ಪಂದನೆ ಒಂದಿಲ್ಲ. ಕನ್ನಡದಲ್ಲಿ ನೆರೆ ಎಂದರೆ ಪಕ್ಕದವರು, ನೆರೆ ಎಂದರೆ ಪ್ರವಾಹ, ನರೆ ಎಂದರೆ ಬಿಳಿಕೂದಲು. ನಮ್ಮ ಬಯಲುಸೀಮೆಗೆ ಪ್ರವಾಹದ ನೆರೆ ಬರುವುದಿಲ್ಲ, ನಮ್ಮ ಮನೆಗೆ ಪಕ್ಕದ ನೆರೆ ಬರುವುದಿಲ್ಲ. ತಪ್ಪದೆ ಬಂದದ್ದು ತಲೆಯ ನರೆ ಒಂದೇ.

ಬಡಾವಣೆಯವರದೊಂದು ವಾಟ್ಸಾಪ್ ಗುಂಪಿದೆ. ದಿನಾ ಬೆಳಿಗ್ಗೆ ಅಲ್ಲಿ ಅರವತ್ತು ಗುಲಾಬಿ ಅರಳುತ್ತವೆ. ಹೋದ ವರ್ಷ ಮೂರನೇ ಅಡ್ಡರಸ್ತೆಯಲ್ಲಿ ಒಬ್ಬರು ಅಜ್ಜಿ ತೀರಿಕೊಂಡಾಗ ಐವತ್ತೆಂಟು ಜೋಡಿ ಕೈಗಳು ಮುಗಿದು ನಮಸ್ಕರಿಸಿದವು. ಒಂದು ಜೋಡಿ ಕಾಲೂ ಆ ಮನೆಯ ಕಡೆ ನಡೆಯಲಿಲ್ಲ. (ನನ್ನವೂ.)

ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ನೆರೆಯವರನ್ನು ಪ್ರೀತಿಸಬೇಕೆಂದು ವಾರಕ್ಕೊಮ್ಮೆ ಬೋಧಿಸುತ್ತಿದ್ದರು. ಆದರೆ ಮೊದಲು ಅವರ ಮನೆಯ ಗ್ರಿಲ್ ತೆಗೆಸುವುದು ಹೇಗೆ ಎಂಬುದು ಸಿಲಬಸ್ಸಿನಲ್ಲಿ ಇರಲಿಲ್ಲ. ತರೀಕೆರೆಯ ನಮ್ಮ ಅಮ್ಮನ ಬೀದಿಯಲ್ಲಿ ಆ ತೊಂದರೆ ಇರಲಿಲ್ಲ, ಏಕೆಂದರೆ ಯಾರ ಮನೆಯಲ್ಲೂ ಎಲ್ಲವೂ ಇರುತ್ತಿರಲಿಲ್ಲ. ಒಬ್ಬರಲ್ಲಿ ಹೆಪ್ಪಿಗೆ ಮೊಸರಿಲ್ಲ, ಇನ್ನೊಬ್ಬರಲ್ಲಿ ಕಾಫಿಪುಡಿ ಇಲ್ಲ, ಇಡೀ ಬೀದಿಗೆ ಇದ್ದದ್ದು ಒಂದು ಫೋನು. ಕೇಳಲು ಹೋದವರು ಕೂತು, ಕೂತವರು ಅತ್ತು, ಅತ್ತವರು ಕಾಫಿ ಕುಡಿದು ಬರುತ್ತಿದ್ದರು. ಈಗ ಮೊಸರು ಪ್ಯಾಕೆಟ್ಟಿನಲ್ಲಿದೆ, ಫೋನು ಒಬ್ಬೊಬ್ಬರಿಗೆ ಎರಡಿದೆ. ಕೇಳಲು ಏನೂ ಇಲ್ಲದ್ದರಿಂದ ಮಾತಾಡಲೂ ಏನೂ ಇಲ್ಲ.

ಬಸ್ಸಿನ ಪ್ರಕರಣದ ನಂತರ ಹದಿನೈದು ದಿನ ನಾನು ಕಿಟಕಿಯಲ್ಲಿ ಇಣುಕಿ, ಆಕೆ ಹೊರಗಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹಾಲು ತೆಗೆದುಕೊಳ್ಳುತ್ತಿದ್ದೆ. ನಮ್ಮ ಗೇಟಿನ ಮುಂದೆ ಕಸ ಬೀಳುವುದು ನಿಂತುಹೋಗಿತ್ತು. ಅದೂ ಇಲ್ಲದ ಮೇಲೆ ಅಂಗಳ ಇನ್ನಷ್ಟು ಬಿಕೋ ಎನ್ನುತ್ತಿತ್ತು. ಮುಕ್ಕಾಲು ಗಂಟೆ ಸಿಕ್ಕ ಒಬ್ಬ ಗೆಳತಿಯನ್ನು ನಾನು ಹನ್ನೆರಡು ಅಡಿಯ ದೂರದಲ್ಲಿ ಕಳೆದುಕೊಂಡಿದ್ದೆ. ಆಕೆ ಮತ್ತೆ ಬೇಕು ಅನ್ನಿಸುತ್ತಿತ್ತು.

"ಹೋಗಿ ಬೆಲ್ ಒತ್ತು. ಮಾತಾಡ್ಸು," ಎಂದರು ಯಜಮಾನರು.

"ಏನಂತ ಒತ್ತಲಿ? ಕೆಲಸ ಇಲ್ದೆ ಬೆಲ್ ಒತ್ತಿದ್ರೆ ಇನ್ಶೂರೆನ್ಸ್ ಮಾರೋಕೆ ಬಂದಿದಾಳೆ ಅನ್ಕೋತಾರೆ."

"ಹಂಗಾದ್ರೆ ಸುಮ್ನಿರು."

"ಮೂರು ವರ್ಷದಿಂದ ಸುಮ್ನೇ ಇದೀನಲ್ಲ!" ಎಂದೆ. (ಇದರ ಮುಂದಿನ ಎರಡು ವಾಕ್ಯ ಇಂಗ್ಲಿಷಿನಲ್ಲಿತ್ತು. ಆಮೇಲೆ ನೆನಪಾಗಿ ಕಿಟಕಿ ಮುಚ್ಚಿದೆ.)

ಆಗ ಹೊಳೆಯಿತು ನನ್ನ ದಿವ್ಯೋಪಾಯ. ನಮ್ಮ ಕಡೆ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಅಂದಮೇಲೆ ಒಂದು ಡಬ್ಬಿಯನ್ನು ಆ ಕಡೆ ದಾಟಿಸಿದರೆ ಸಾಕು. ಅದು ತುಂಬಿ ಬರುತ್ತದೆ, ನಾನು ತುಂಬಿ ಕಳಿಸುತ್ತೇನೆ, ಅದು ಮತ್ತೆ ತುಂಬಿ ಬರುತ್ತದೆ. ಯಾವ ಭೂಮಾಪಕನೂ ಅಳೆಯಲಾರದ ಅಖಂಡ ಸ್ನೇಹ!

ಕೋಡುಬಳೆ ಕರಿದು, ಸ್ಟೀಲ್ ಡಬ್ಬಿಗೆ ತುಂಬಿ, ಕಾಂಪೌಂಡಿನ ಮೇಲಿಟ್ಟು ಒಳಗೆ ಓಡಿ ಬಂದೆ. ನಲವತ್ತೆಂಟರ ಹರೆಯದಲ್ಲಿ ಓಡುವುದು ಎಂದರೆ ಒಂದು ಮಂಡಿ ಮೊದಲು, ಇನ್ನೊಂದು ಮಂಡಿ ಸಾವಕಾಶವಾಗಿ. ಮಾರನೆಯ ದಿನ ಡಬ್ಬಿ ಅದೇ ಜಾಗದಲ್ಲಿತ್ತು. ಒಳಗೆ ನಿಂಬೆಕಾಯಿ ಉಪ್ಪಿನಕಾಯಿ! ನಾನು ಅದನ್ನು ಎದೆಗವಚಿಕೊಂಡು ಬಂದೆ.

"ನೋಡ್ರೀ, ಹುಳಿ ಕಳ್ಸಿದಾರೆ. ಅಂದ್ರೆ ಇನ್ನೂ ಸ್ವಲ್ಪ ಬೇಜಾರಿದೆ."

"ಮೊಸರನ್ನಕ್ಕೆ ಚೆನ್ನಾಗಿರುತ್ತೆ, ಇಲ್ಲಿ ಕೊಡು."

ನಾನು ಹುರಿಹಿಟ್ಟಿನ ಉಂಡೆ ಕಳಿಸಿದೆ, ನುಚ್ಚಿನುಂಡೆ ಬಂತು. ಕರ್ಜಿಕಾಯಿ ಕಳಿಸಿದೆ, ಹಾಗಲಕಾಯಿ ಗೊಜ್ಜು ಬಂತು. ಆ ಗೊಜ್ಜನ್ನು ಎದುರಿಗಿಟ್ಟುಕೊಂಡು ಮಧ್ಯಾಹ್ನವಿಡೀ ಚಿಂತಿಸಿದೆ. "ಅಷ್ಟು ಸಿಹಿ ಕೊಟ್ಟವಳಿಗೆ ಕಹಿ! ಏನಿರಬಹುದು ಇದರ ಅರ್ಥ?"

"ಅದು ಗೊಜ್ಜು ಕಣೇ, ನೋಟಿಸ್ ಅಲ್ಲ," ಎಂದರು ಯಜಮಾನರು, ಎರಡನೇ ಸಲ ಬಡಿಸಿಕೊಳ್ಳುತ್ತ.

ಎರಡು ತಿಂಗಳು ಹೀಗೆ ನಡೆಯಿತು. ಮುಖ ಕಾಣಲಿಲ್ಲ, ಮಾತಿರಲಿಲ್ಲ. ಆದರೂ ಬೆಳಿಗ್ಗೆ ಎದ್ದೊಡನೆ ಗೋಡೆಯ ಕಡೆ ನೋಡಲು ಒಂದು ಕಾರಣವಿತ್ತು. ನಾಳೆ ಏನು ಮಾಡಿ ಕಳಿಸಲಿ ಎಂದು ಹಗಲೆಲ್ಲ ಯೋಚಿಸಲು ಒಬ್ಬರಿದ್ದರು. ನಡುವೆ ನನಗೆ ಕೆಟ್ಟ ಕೆಮ್ಮು ಹಿಡಿಯಿತು. ಮನೆಯಲ್ಲಿ ಒಬ್ಬಳೇ, ಕೆಮ್ಮಿದರೆ ಗೋಡೆಗಳೇ ಓಗೊಡುತ್ತಿದ್ದವು. ಮೂರನೆಯ ದಿನ ಎದ್ದು ನೋಡಿದರೆ ಡಬ್ಬಿ ಬಂದಿದೆ, ಮುಟ್ಟಿದರೆ ಇನ್ನೂ ಬೆಚ್ಚಗಿದೆ. ಒಳಗೆ ಮೆಣಸಿನ ಸಾರು!

ಆ ಸಾರನ್ನು ಒಲೆಯ ಪಕ್ಕದಲ್ಲೇ ನಿಂತು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಕಣ್ಣಲ್ಲಿ ನೀರು ಬಂತು. ಅರ್ಧ ಮೆಣಸಿಗೆ, ಇನ್ನರ್ಧ ನನ್ನ ಕೆಮ್ಮನ್ನು ಗೋಡೆಯಾಚೆ ಒಬ್ಬರು ಕಿವಿಗೊಟ್ಟು ಕೇಳಿಸಿಕೊಂಡಿದ್ದಾರಲ್ಲ ಎಂಬುದಕ್ಕೆ. ಸ್ವಂತ ಮಗಳು ನನ್ನ ಕೆಮ್ಮಿನ ಮೆಸೇಜಿಗೆ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದಳು.

ಇನ್ನು ತಡೆಯಲಾಗಲಿಲ್ಲ. ಗುಣವಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಕಾಯಿ ಹೋಳಿಗೆ ಮಾಡಿದೆ. ಡಬ್ಬಿಯನ್ನು ಗೋಡೆಯ ಮೇಲಿಡದೆ, ಒಳ್ಳೆಯ ಸೀರೆಯುಟ್ಟು, ಮುಖದ ಗಂಟನ್ನು ಆದಷ್ಟು ಬಿಚ್ಚಿ, ಹದಿನೆಂಟನೇ ನಂಬರಿನ ಬೆಲ್ ಒತ್ತಿದೆ.

ಬಾಗಿಲು ತೆರೆಯಿತು, ಗ್ರಿಲ್ ತೆರೆಯಲಿಲ್ಲ. ಒಳಗೆ ಪಂಕಜಾಕ್ಷಿ.

"ಅವತ್ತು ಬಸ್ಸಲ್ಲಿ ಏನೋ ಅಂದ್ಬಿಟ್ಟೆ," ಎಂದೆ. "ಮನಸ್ಸಿಗೆ ಹಚ್ಕೋಬೇಡಿ."

"ಬಿಡ್ರೀ, ನೀವಂದಿದ್ದೂ ನಿಜ, ನಾನಂದಿದ್ದೂ ನಿಜ," ಎಂದು ಗ್ರಿಲ್ ತೆಗೆದರು. ನನ್ನ ಎದೆ ಹಗುರಾಯಿತು.

"ನಂಗೆ ಕೆಮ್ಮು ಬಂದಾಗ ಮೆಣಸಿನ ಸಾರು ಕಳ್ಸಿದ್ರಲ್ಲ, ಅದನ್ನ ಈ ಜನ್ಮದಲ್ಲಿ ಮರೆಯಲ್ಲ."

"ಹೌದಾ? ನಿಮಗೆ ಕೆಮ್ಮಿತ್ತಾ?"

ನಾನು ಹೋಳಿಗೆಯ ಡಬ್ಬಿಯನ್ನು ಮುಂದೆ ಚಾಚಿದೆ. ಪಂಕಜಾಕ್ಷಿ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಇವತ್ತು ಹೇಳ್ಬಿಡ್ತೀನಿ ಕಣ್ರೀ. ನಮ್ಮನೇಲಿ ಇಬ್ರಿಗೂ ಶುಗರ್ರು, ಮೇಲೆ ಬಿಪಿ. ಸಿಹಿ ಮುಟ್ಟಂಗಿಲ್ಲ, ಕರಿದಿದ್ದು ಮುಟ್ಟಂಗಿಲ್ಲ. ಮೊದಲ್ನೇ ಸಲ ನೀವು ಕೋಡುಬಳೆ ಇಟ್ರಲ್ಲ, ನಂಗೆ ದಿಕ್ಕೇ ತೋಚ್ಲಿಲ್ಲ. ತಿನ್ನೋಕಾಗಲ್ಲ, ಎಸೆಯೋಕಾಗಲ್ಲ, ಡಬ್ಬಿ ಖಾಲಿ ಕೊಡೋಕಾಗಲ್ಲ. ನಮ್ಮ ಡಬ್ಬೀಗೆ ಸುರ್ಕೊಂಡು ಆ ಕಡೆ ಹತ್ತೊಂಬತ್ತನೇ ನಂಬರಿನ ಗೋಡೆ ಮೇಲಿಟ್ಟೆ. ಪಾಪ, ಅವ್ರೂ ಖಾಲಿ ಕೊಡ್ಲಿಲ್ಲ. ಬಂದಿದ್ದನ್ನ ನಿಮ್ಮ ಡಬ್ಬೀಗೆ ಸುರ್ದು ಈ ಕಡೆ ಗೋಡೆ ಮೇಲಿಟ್ಟೆ."

"ಎರಡು ತಿಂಗಳೂ?"

"ನೀವು ನಿಲ್ಲಿಸ್ಲೇ ಇಲ್ವಲ್ರೀ!"

ಹುಳಿಗೆ ನಾನು ಹಚ್ಚಿದ ಅರ್ಥ, ಕಹಿಗೆ ಹಚ್ಚಿದ ಅರ್ಥ, ಸಾರಿಗೆ ಸುರಿಸಿದ ಕಣ್ಣೀರು, ಎಲ್ಲವೂ ತಪ್ಪು ವಿಳಾಸಕ್ಕೆ ಸಂದಿದ್ದವು. ಆದರೂ ಆಸೆ ಕೆಟ್ಟದ್ದು. ಇವರಲ್ಲದಿದ್ದರೆ ಇನ್ನೊಬ್ಬರು! ಇನ್ನೊಂದು ಗೋಡೆಯಾಚೆಯಾದರೂ ನನ್ನ ಹುರಿಹಿಟ್ಟಿಗೆ ನುಚ್ಚಿನುಂಡೆ ಕಳಿಸಿದ, ಬಿಸಿ ಸಾರು ಮಾಡಿದ ಒಂದು ಜೀವ ಇದೆಯಲ್ಲ.

"ಹಂಗಾದ್ರೆ ಆ ಸಾರು ಮಾಡಿದ ಪುಣ್ಯಾತ್ಗಿತ್ತಿ ಯಾರ್ರೀ?" ಎಂದು ಕಾತರದಿಂದ ಕೇಳಿದೆ. "ಅವರ ಹೆಸರೇನು? ಎಂಥ ಜನ?"

ಪಂಕಜಾಕ್ಷಿ ಆ ಕಡೆಯ ಗೋಡೆಯನ್ನು ಒಮ್ಮೆ ನೋಡಿದರು.

"ಹೆಸರೆಲ್ಲ ಗೊತ್ತಿಲ್ಲ ಕಣ್ರೀ. ಯಾವತ್ತೂ ಮಾತಾಡ್ಸಿಲ್ಲ. ಆದ್ರೆ ಡಬ್ಬಿ ಮಾತ್ರ ಚೆನ್ನಾಗಿ ತೊಳ್ದಿರ್ತಾರೆ."